ಮಾದಮ್ಮ, ಮಾದಮ್ಮಾಳ್

ತಮಿಳುನಾಡಿಗೆ ಸೇರಿದ ಕನ್ನಡದೂರು ತಾಳವಾಡಿಯ ಅತಿಥಿಗೃಹದಲ್ಲೂ ಬೆಳಗಿನ ನನ್ನ ಕೆಲಸ ತಪ್ಪಲಿಲ್ಲ. ಫ್ಲಾಸ್ಕಿಗೆ ಕಾಫಿ ತುಂಬಿದೆ, ನಮ್ಮವರ ಅಂಗಿಗೆ ಗುಂಡಿ ಹೊಲಿದೆ. ಬ್ಯಾಂಕು ಮುಳುಗಿದಾಗ ಠೇವಣಿ ಇಟ್ಟವರಿಗೆ ವಿಮೆಯ ಹಣ ಮುಟ್ಟಿಸುವುದು ಹೇಗೆಂದು ವಿದೇಶಿ ಅಧಿಕಾರಿಗಳಿಗೆ ಕಲಿಸುವುದು ಅವರ ಉದ್ಯೋಗ. ಈ ಸಲ ಆಫ್ರಿಕಾದ ಗ್ರೇಸ್ ಎಂಬ ಅಧಿಕಾರಿಗೆ ಅದನ್ನು ಕಣ್ಣಾರೆ ತೋರಿಸಲು ಕರೆತಂದಿದ್ದರು.

ಮುಚ್ಚಿಹೋದ ಸಣ್ಣ ಸಹಕಾರಿ ಬ್ಯಾಂಕಿನ ಮುಂದೆ ಜನ ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಗೆಟ್ಟವಾಡಿಯ ಮಾದಮ್ಮನ ಸರದಿ ಬಂದಾಗ ಗುಮಾಸ್ತ ಆಗುವುದಿಲ್ಲವೆಂದು ತಲೆಯಾಡಿಸಿದ. ಪಾಸ್‌ಬುಕ್ಕಿನಲ್ಲಿ ಮಾದಮ್ಮ, ರೇಷನ್ ಕಾರ್ಡಿನಲ್ಲಿ ತಮಿಳಿನ ಮಾದಮ್ಮಾಳ್. ಹೆಸರು ಹೊಂದದಿದ್ದರೆ ಎಮ್ಮೆ ಮಾರಿ ಇಟ್ಟಿದ್ದ ಹಣ ಸಿಗದು.

"ನಿಜವಾದ ಹೆಸರು ಯಾವುದು?" ಎಂದು ಗ್ರೇಸ್ ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನೇ ಕನ್ನಡದಲ್ಲಿ ಹೇಳಿದೆ.

"ಎರಡೂ ನಂದೇ ಕಣವ್ವ. ಆಪೀಸ್ಗೋದ್ರೆ ಮಾದಮ್ಮಾಳು, ಒಲಕ್ಕೋದ್ರೆ ಮಾದಮ್ಮ," ಎಂದಳು ಮಾದಮ್ಮ.

ಎರಡೂ ಹೆಸರು ಒಬ್ಬಳದೇ ಎನ್ನಲು ನಮ್ಮವರು ಇಬ್ಬರು ಸಾಕ್ಷಿಗಳನ್ನು ಕೇಳಿದರು. ಇಡೀ ಸಾಲೇ ಮುರಿದು ಮೇಜಿನ ಬಳಿ ಬಂತು! ಅಷ್ಟು ಹೊತ್ತು ಕಾದು ಹಿಡಿದಿದ್ದ ಜಾಗವನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಇಬ್ಬರು ಸಾಕೆಂದರೂ ಹೆಬ್ಬೆಟ್ಟು ಒತ್ತುತ್ತಲೇ ಹೋದರು, ಹಾಳೆಯಲ್ಲಿ ಜಾಗವೇ ಉಳಿಯಲಿಲ್ಲ. ಗ್ರೇಸ್ ಬರೆಯುವುದನ್ನು ಮರೆತು ಎದ್ದು ನಿಂತರು. ಗುಮಾಸ್ತ ಮೊಹರು ಒತ್ತಿದ.

ಸಂಜೆ ಮಾದಮ್ಮ ಬಲವಂತ ಮಾಡಿ ನಮ್ಮನ್ನು ಮನೆಗೆ ಕರೆದೊಯ್ದಳು. ಪಕ್ಕದ ಮನೆಯ ಸಿದ್ದಮ್ಮ ರಾಗಿ ಕೇರುತ್ತಲೇ ಅತಿಥಿಯ ಹೆಸರು ಕೇಳಿದಳು. ಗ್ರೇಸ್ ಎಂದೆ.

"ಆಪೀಸ್ಗೂ ಅದೇ, ಮನ್ಗೂ ಅದೇ ಎಸ್ರಾ? ಪಾಪ," ಎಂದಳು.