ಕೀಲಿಕೈ ಸಿಕ್ಕಿತು, ಏನು ಮಾಡಲಿ?

ಇಪ್ಪತ್ತೈದು ವರ್ಷಗಳಿಂದ ಹುಡುಕುತ್ತಿದ್ದ ಕೀಲಿಕೈ ಕಳೆದ ಭಾನುವಾರ ಸಿಕ್ಕಿತು. ಹನ್ನೊಂದೇ ನಿಮಿಷದಲ್ಲಿ. ಅಂದಿನಿಂದ ಮನಸ್ಸು ಸರಿಯಿಲ್ಲ.

ಕಪಾಟಿನದಲ್ಲ, ವಿಡಿಯೋ ಗೇಮಿನ ಕೀಲಿಕೈ. (ನಗಬೇಡಿ. ಐವತ್ತರ ಹೊಸ್ತಿಲಲ್ಲಿರುವವನಿಗೂ ಭಾನುವಾರ ಬರುತ್ತದೆ.)

ಆಗ ನಾನು ಪ್ರತಿ ಶನಿವಾರ ಅಂಕೋಲೆಯಿಂದ ಬಸ್ ಹತ್ತಿ ಕಾರವಾರಕ್ಕೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಹತ್ತು ಜನ, ಮೂರು ಕಂಪ್ಯೂಟರ್. ಪಾಠ ಮುಗಿದ ಮೇಲೆ ಸರ್ ಅರ್ಧ ಗಂಟೆ ಗೇಮ್ ಆಡಲು ಬಿಡುತ್ತಿದ್ದರು. ಒಂದು ದ್ವೀಪ, ಅದರಲ್ಲೊಂದು ಲೈಟ್‌ಹೌಸ್, ಅದಕ್ಕೊಂದು ಕಬ್ಬಿಣದ ಬಾಗಿಲು. ಕೀಲಿಕೈ ದ್ವೀಪದಲ್ಲೇ ಎಲ್ಲೋ ಇದೆ. ಎಲ್ಲಿ? ಗೇಮ್ ಬಾಯಿ ಬಿಡುತ್ತಿರಲಿಲ್ಲ. ತಿಂಗಳುಗಟ್ಟಲೆ ಕಲ್ಲೆತ್ತಿ ನೋಡಿದೆವು, ಗುಹೆ ಹೊಕ್ಕೆವು, ದೋಣಿ ಮಗುಚಿದೆವು. ಏನೂ ಇಲ್ಲ.

ಒಂದು ಶನಿವಾರ ಬೈತಖೋಲದ ಶೈಲಾ ಎಂಬ ಹುಡುಗಿ ಪಕ್ಕದ ಕಂಪ್ಯೂಟರಿನಿಂದ ತಣ್ಣಗೆ ಹೇಳಿದಳು, "ನಿನ್ನೆ ಬಂದಿದ್ದೆ. ಚಾವಿ ಸಿಕ್ತು."

"ಎಲ್ಲಿ?"

"ಹೇಳೂದಿಲ್ಲ. ಹುಡುಕಿ."

ಮರುವಾರ ನನ್ನ ಕುರ್ಚಿ ಅವಳ ಪಕ್ಕಕ್ಕೆ ಹೋಯಿತು. ಮೂರು ವರ್ಷದ ಮೇಲೆ ಮದುವೆಯಾಯಿತು. ಆದರೂ ಹೇಳಲಿಲ್ಲ.

ಇಂಟರ್ನೆಟ್‌ನಲ್ಲಿ ಹುಡುಕಬಹುದಿತ್ತಲ್ಲ ಎನ್ನುತ್ತೀರಿ. ಹೆಂಡತಿಗೆ ಗೊತ್ತಿರುವುದನ್ನು ಹೊರಗಿನವರ ಹತ್ತಿರ ಕೇಳುವುದು ಸಂಸಾರಸ್ಥನಿಗೆ ಶೋಭೆಯೇ? ಅಲ್ಲದೆ ಆ ಪ್ರಶ್ನೆಯಿಂದ ನನಗೆ ಉಪಯೋಗವಿತ್ತು. ಜಗಳವಾದರೆ ನಮ್ಮಲ್ಲಿ ಎರಡು ದಿನ ಮಾತಿಲ್ಲ. (ಅವಳ ಮನೆಮಾತು ಕೊಂಕಣಿ. ಸಿಟ್ಟು ಬಂದಾಗ ಕನ್ನಡ ಪೂರ್ತಿ ಬಂದ್.) ಮೂರನೆಯ ದಿನ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತೇನೆ, "ಆ ಚಾವಿ ಎಲ್ಲಿತ್ತು ಮಾರಾಯ್ತಿ?" ಅವಳು, "ಇನ್ನೂ ಸಿಗ್ಲಿಲ್ವಾ? ಹುಡುಕಿ" ಎನ್ನುತ್ತಾಳೆ. ಅಲ್ಲಿಗೆ ರಾಜಿ. ಸಾರಿ ಎಂಬ ಪದ ನಮ್ಮ ಮನೆಗೆ ಬೇಕಾಗಿಯೇ ಇಲ್ಲ.

ಕಳೆದ ಶನಿವಾರ ಅವಳನ್ನು ಕೇಳದೆ ನನ್ನ ತಂಗಿಯ ಮನೆಯವರನ್ನೆಲ್ಲ ಊಟಕ್ಕೆ ಕರೆದೆ. ಕನ್ನಡ ಬಂದ್ ಆಯಿತು. ಭಾನುವಾರ ಅಪ್ಪನ ಮುಖ ನೋಡಲಾಗದೆ ಮಗಳು ತನ್ವಿ ಲ್ಯಾಪ್‌ಟಾಪ್ ತಂದಿಟ್ಟಳು. "ಪಪ್ಪಾ, ನಿಮ್ ಲೈಟ್‌ಹೌಸ್ ಗೇಮ್ ಹೊಸದಾಗಿ ಬಂದಿದೆ. ಆಡಿ."

ಏನು ಚೆಂದ! ಅಲೆ ನಿಜವಾದ ಅಲೆಯಂತೆಯೇ ಬಂದು ಒಡೆಯುತ್ತದೆ. ಆದರೆ ಮೂಲೆಯಲ್ಲೊಂದು ಮ್ಯಾಪ್, ನೆತ್ತಿಯ ಮೇಲೆ ದಾರಿ ತೋರಿಸುವ ಹಳದಿ ಬಾಣ, ಪಕ್ಕದಲ್ಲಿ ಇಂದು ಮಾಡಬೇಕಾದ ಕೆಲಸಗಳ ಪಟ್ಟಿ. ಇಪ್ಪತ್ತು ಗರಿ ಕೂಡಿಸು, ಮುದುಕನನ್ನು ಕಾಣು, ವಾಪಸ್ ಬಾ. ವಾರವಿಡೀ ಆಫೀಸಿನಲ್ಲಿ ಮಾಡುವುದೂ ಇದನ್ನೇ ಅಲ್ಲವೇ? ಭಾನುವಾರವೂ ಡ್ಯೂಟಿ?

ನಮ್ಮ ಅಂಕೋಲೆ ಪಕ್ಕದ ಕೇಣಿಯಲ್ಲಿ ಯಾರದಾದರೂ ಮನೆಗೆ ದಾರಿ ಕೇಳಿ ನೋಡಿ. "ಹಿಂಗೇ ಹೋಗಿ, ಮುಂದೆ ಯಾರನ್ನಾದ್ರೂ ಕೇಳಿ" ಎನ್ನುತ್ತಾರೆ. ಮನೆ ಸಿಗುವಷ್ಟರಲ್ಲಿ ಮೂರು ಜನರ ಪರಿಚಯವಾಗಿರುತ್ತದೆ, ಒಂದು ಚಹಾ ಆಗಿರುತ್ತದೆ. ಹಳೆಯ ಗೇಮುಗಳು ಆ ಜಾತಿಯವು.

"ಬಾಣ ಬೇಡ ಅಂದ್ರೆ ಸೆಟ್ಟಿಂಗ್ಸಲ್ಲಿ ಆಫ್ ಮಾಡಿ ಪಪ್ಪಾ. ಒಂದು ಬಾಗ್ಲಿಗೆ ತಿಂಗಳುಗಟ್ಟಲೆ ಕೂರೂಕೆ ಈಗ ಯಾರಿಗೆ ಟೈಮಿದೆ?" ಎಂದಳು ತನ್ವಿ. ಮಾತು ನ್ಯಾಯವೇ. ಆದರೆ ಆಫ್ ಮಾಡುವುದನ್ನು ಕಲಿಯುವಷ್ಟರಲ್ಲಿ ಬಾಣ ನನ್ನನ್ನು ಬಾವಿಕಟ್ಟೆಗೆ ಕರೆದೊಯ್ದಿತ್ತು. ಕೊಡದ ತಳದಲ್ಲಿ ಕೀಲಿಕೈ. ಬಾಗಿಲು ತೆರೆಯಿತು. ಬಹಳ ಬೇಸರವಾಯಿತು.

ಯಾಕೆಂದರೆ ಮರುದಿನ ಸೋಮವಾರ, ಮೂರನೆಯ ದಿನ. ಅಡುಗೆಮನೆ ಬಾಗಿಲಲ್ಲಿ ನಿಂತು ಏನು ಕೇಳಲಿ? ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸಲೇ? ಅವಳ ಮುಂದೆ ನಟಿಸಿ ದಕ್ಕಿಸಿಕೊಂಡ ದಾಖಲೆ ನನಗಿಲ್ಲ.

ಸೋಮವಾರ ಅವಳು ಸಿಗಡಿ ಸುಲಿಯುತ್ತಿದ್ದಳು. ಹೇಳಿಯೇಬಿಟ್ಟೆ. "ಚಾವಿ ಸಿಕ್ತು. ಬಾವಿಕಟ್ಟೆ ಮೇಲಿನ ಕೊಡದಲ್ಲಿತ್ತು."

ಅವಳ ಕೈ ನಿಂತಿತು. "ಹೌದಾ? ಕೊಡದ ಒಳಗೆ ನಾನು ನೋಡ್ಲೇ ಇಲ್ಲ."

"ಅಂದ್ರೆ? ನಿಂಗೆ ಸಿಕ್ಕಿರ್ಲಿಲ್ವಾ?"

"ಇಲ್ಲ."

"ಮತ್ತೆ ಸಿಕ್ತು ಅಂತ ಹೇಳಿದ್ದು ಎಂತಕ್ಕೆ?"

ಅವಳು ಇನ್ನೊಂದು ಸಿಗಡಿ ಎತ್ತಿಕೊಂಡಳು. "ಸಿಗ್ಲಿಲ್ಲ ಅಂದಿದ್ರೆ, ಮರುವಾರ ನೀವು ಯಾರ ಪಕ್ಕ ಕೂರ್ತಿದ್ರಿ?"