ಸಲ್ಫೇಟಿಗೆ ಎರಡು

ಐವತ್ತರ ದಶಕದ ನಡುವೆ ರಾಜಾಜಿನಗರ ಎಂದರೆ ಸೈಟುಗಳ ಗಡಿಗೆ ನೆಟ್ಟ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಹೊಸ ಮನೆ, ಮಿಕ್ಕಿದ್ದೆಲ್ಲ ಬಯಲು. ಹೈಸ್ಕೂಲು ಓದಲು ಕುಣಿಗಲ್ ಕಡೆಯ ನಮ್ಮೂರಿನಿಂದ ನಾನು ಅಲ್ಲಿಗೆ ಬಂದೆ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ವರ್ಷಗಟ್ಟಲೆ ಒಬ್ಬನೇ ಇದ್ದು ಅಭ್ಯಾಸವಾದವನು. ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ಅವ್ವ ಊರಲ್ಲೇ ಉಳಿದಳು. ಅಪ್ಪನಿಗೆ ಮುದ್ದೆ ಬೇಯಿಸಿ ಹಾಕುವುದು, ಸ್ಕೂಲಿಗೆ ಹೋಗಿಬರುವುದು, ಇಷ್ಟೇ ನನ್ನ ಬದುಕು.

ಹಬ್ಬಕ್ಕೆ ಮಾತ್ರ ಊರಿಗೆ ಬರುತ್ತಿದ್ದ ಅಪ್ಪ ನನಗೆ ಹೆಚ್ಚುಕಡಿಮೆ ನೆಂಟನೇ. "ಬಂದ್ಯಾ", "ಉಪ್ಪು ಸಾಲ್ದು", "ಬಾಗ್ಲು ಹಾಕ್ಕೋ", ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಬೈದಿದ್ದರೂ ನನಗೆ ಖುಷಿಯಾಗುತ್ತಿತ್ತು, ಅಷ್ಟು ಬೇಸರ.

ಊರಲ್ಲಾದರೆ ದೀಪ ಹಚ್ಚಿದ ಮೇಲೆ ಮಕ್ಕಳು ಬಾಯಿಪಾಠ ಒಪ್ಪಿಸಲೇಬೇಕು. ಮಗ್ಗಿ, ನಕ್ಷತ್ರ, ಸಂವತ್ಸರ. ತಾತ ಕಣ್ಣು ಮುಚ್ಚಿ ಕೇಳುತ್ತಿದ್ದ, ಎಲ್ಲಾದರೂ ತಪ್ಪಿದರೆ ಕಣ್ಣು ಬಿಡುತ್ತಿದ್ದ. ಆಗ ಶನಿಕಾಟ ಅನ್ನಿಸುತ್ತಿದ್ದದ್ದು ರಾಜಾಜಿನಗರದ ಸಂಜೆಗಳಲ್ಲಿ ಬೇಕೇ ಬೇಕು ಅನ್ನಿಸಿತು.

ಆ ವರ್ಷ ವಿಜ್ಞಾನದ ಮೇಷ್ಟ್ರು ರ‍್ಯಾಡಿಕಲ್‌ಗಳ ಪಾಠ ಶುರು ಮಾಡಿದರು. ಕೆಲವು ಪರಮಾಣುಗಳು ಗುಂಪು ಕಟ್ಟಿಕೊಂಡು ಒಂದೇ ಆಳಿನ ಹಾಗೆ ನಡೆದುಕೊಳ್ಳುತ್ತವೆ. ಪ್ರತಿ ಗುಂಪಿಗೂ ಒಂದು ಹೆಸರು, ಒಂದು ಸೂತ್ರ, ಧನವೋ ಋಣವೋ ಇಂತಿಷ್ಟು ವಿದ್ಯುದಂಶ. "ತಲೆ ಓಡಿಸ್ಬೇಡಿ, ಉರು ಹೊಡೀರಿ" ಎಂದರು ಮೇಷ್ಟ್ರು. ನಾನು ಮಗ್ಗಿಯ ರಾಗಕ್ಕೇ ಕೂರಿಸಿದೆ. ನೈಟ್ರೇಟು ಎನ್ ಓ ಮೂರು, ಋಣ ಒಂದು. ಸಲ್ಫೇಟು ಎಸ್ ಓ ನಾಲ್ಕು, ಋಣ ಎರಡು. ಫಾಸ್ಫೇಟು ಪಿ ಓ ನಾಲ್ಕು, ಋಣ ಮೂರು. ಆಮ್ಲಜನಕ ಒಂದು ಕಡಿಮೆಯಾದರೆ ಸಲ್ಫೇಟು ಸಲ್ಫೈಟಾಗುತ್ತದೆ, ಋಣ ಮಾತ್ರ ಅದೇ ಎರಡು. ಅಷ್ಟೂ ಋಣದವರ ನಡುವೆ ಅಮೋನಿಯಂ ಒಂದೇ ಧನ, ನಮ್ಮ ಕ್ಲಾಸಿನ ಹುಡುಗರ ನಡುವೆ ನಾನೊಬ್ಬಳೇ ಹುಡುಗಿ ಇದ್ದ ಹಾಗೆ.

ಸಂಜೆ ಅಪ್ಪ ಗೋಡೆಗೊರಗಿ ಬೀಡಿ ಹಚ್ಚಿದಾಗ ಎದುರಿಗೆ ಕೂತು ಗಟ್ಟಿಯಾಗಿ ಒಪ್ಪಿಸತೊಡಗಿದೆ. ಅವನು ಬಾಗಿಲಾಚೆಯ ಬಯಲು ನೋಡುತ್ತಿದ್ದ. ಮುಗಿದ ಮೇಲೆ "ಆಯ್ತಾ?" ಎಂದು ಎದ್ದು ಹೋಗುತ್ತಿದ್ದ. ದಿನಾ ಇದೇ. ಇವನ ಕಿವಿಗೆ ನಾನು ಬೀಳುತ್ತಿದ್ದೇನೋ ಇಲ್ಲವೋ, ನನಗೆ ಅದೊಂದು ಗೊತ್ತಾಗಬೇಕಿತ್ತು. ಬೇಕೆಂದೇ ಒಂದು ದಿನ ಸಲ್ಫೇಟಿಗೆ ಋಣ ಮೂರು ಎಂದೆ. "ಆಯ್ತಾ?" ಮಾರನೆಯ ದಿನ ಒಂದು ಎಂದೆ. "ಆಯ್ತಾ?" ಸಿಟ್ಟು ನೆತ್ತಿಗೇರಿ ಅದರ ಮಾರನೆಯ ದಿನ ಏಳು ಎಂದೆ. ಮೇಷ್ಟ್ರಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಪ್ಪ ಬೀಡಿ ಆರಿಸಿ ಎದ್ದ.

ಅಡಿಗೆಮನೆಗೆ ಹೋಗಿ ಅತ್ತೆ. ಈ ಮನುಷ್ಯನಿಗೆ ನಾನು ಬೇಡ, ರಜೆಗೆ ಊರಿಗೆ ಹೋದವಳು ತಿರುಗಿ ಬರುವುದಿಲ್ಲ, ಓದಿದ್ದು ಸಾಕು ಎಂದು ತೀರ್ಮಾನಿಸಿಬಿಟ್ಟೆ.

ಮಾರನೆಯ ಸಂಜೆ ಅಪ್ಪ ಎಂದಿನಂತೆ ಬಂದು ಗೋಡೆಗೊರಗಿದ. ನಾನು ಬಾಯಿ ಬಿಡಲಿಲ್ಲ, ಮೊರ ಹಿಡಿದು ಕಾಳು ಆರಿಸುತ್ತಾ ಕೂತೆ. ಅವನ ಬೀಡಿ ಮುಗಿಯುತ್ತಾ ಬಂತು.

"ಇವತ್ತು ಸಲ್ಪೇಟು ಎಷ್ಟವ್ವ?" ಎಂದ.

ನನ್ನ ಕೈ ನಿಂತಿತು.

"ಮೊದ್ಲೆಲ್ಲ ಎರಡಿತ್ತು. ಆಮೇಲೆ ಮೂರಾಯ್ತು, ಒಂದಾಯ್ತು. ನೆನ್ನೆ ಏಳಕ್ಕೆ ಹೋಗಿತ್ತು."

"ತಪ್ಪು ಅಂತ ಯಾಕಪ್ಪ ಹೇಳ್ಲಿಲ್ಲ?"

"ನಂಗೇನವ್ವ ತಿಳೀತದೆ? ಪ್ಯಾಟೆ ಬೆಲೆ ಇದ್ದಂಗೆ ದಿನಾ ಬದಲಾಯ್ತದೇನೋ ಅನ್ಕಂಡೆ. ಮಿಕ್ಕಿದ್ದೆಲ್ಲ ಇದ್ದಂಗೇ ಅವೆ, ಅದೊಂದೇ ಯಾಕೆ ನಿಲ್ತಿಲ್ಲ ಅಂತ ಕೆಲ್ಸದ ತಾವೂ ಅದೇ ಯೋಚ್ನೆ."

"ಎರಡೇ ಅಪ್ಪ. ಯಾವತ್ತೂ ಎರಡೇ" ಎಂದೆ. ಮೊರ ಪಕ್ಕಕ್ಕಿಟ್ಟು ಅವನೆದುರು ಬಂದು ಕೂತೆ. ಬೀಡಿ ಆರಿಹೋಗಿದ್ದರೂ ಅಪ್ಪ ಏಳಲಿಲ್ಲ, ಮಿಕ್ಕವನ್ನು ಕೇಳಲು ಕೂತೇ ಇದ್ದ.