ಇದ್ದಿಲಿನ ಕಾರಿನಲ್ಲಿ ಪುತ್ತೂರಿಗೆ

ಪೆಟ್ರೋಲಿನ ಬೆಲೆ ಏರಿದ ಎಪ್ಪತ್ತನಾಲ್ಕರಲ್ಲಿ, ಕೇರಳದಿಂದ ಬಂದು ನೆಟ್ಟಣದಲ್ಲಿ ರಬ್ಬರು ಹಾಕಿದ್ದ ವರ್ಕಿ ತನ್ನ ಹಳೆಯ ಕಾರಿನ ಹಿಂದೆ ಒಂದು ಡ್ರಮ್ಮು ಕಟ್ಟಿಸಿದ. ಅದರೊಳಗೆ ಇದ್ದಿಲು ಉರಿದರೆ ಗ್ಯಾಸು ಬರುತ್ತದೆ, ಗ್ಯಾಸಿನಲ್ಲಿ ಇಂಜಿನು ಓಡುತ್ತದೆ. ಇದ್ದಿಲು ಸುಡಲು ಅವನಿಗೆ ನನ್ನ ಗುಡ್ಡೆಯ ಮರಗಳು ಬೇಕಿದ್ದವು. ನಾನು ಹೂಂ ಅನ್ನಲಿಲ್ಲ. ಒಮ್ಮೆ ಕೂತು ನೋಡಿ, ಮತ್ತೆ ಹೇಳಿ ಎಂದು ಒಂದು ಬೆಳಿಗ್ಗೆ ಕಡಬದ ನನ್ನ ಮನೆಗೇ ಕಾರು ತಂದ.

ಹೊರಡುವ ಮೊದಲು ಡ್ರಮ್ಮಿಗೆ ಗಾಳಿ ಊದುವ ಚಕ್ರ ತಿರುಗಿಸಬೇಕು. ಅವನು ತಿರುಗಿಸಿ ಬೆವರುವಷ್ಟರಲ್ಲಿ ನಾನು ಎರಡು ಸಲ ಎಲೆ ಹಾಕಿದೆ. ಇಂಜಿನು ಹಿಡಿದ ಮೇಲೆ ಹೆಗಲಿನ ಬಿಳಿ ಟವಲನ್ನು ಹಿಂದಿನ ಕೊಳವೆಗೆ ಹಿಡಿದು ತೋರಿಸಿದ. ಬಿಳಿಯಾಗಿಯೇ ಇತ್ತು.

"ಹೊಗೆ ಉಂಟಾ ಅಮ್ಮ?"

"ಇಲ್ಲ."

"ಮತ್ತೆ ಎಂತ ಯೋಚನೆ ಮಾರಾಯ್ರೆ?"

ಒಲೆ ಉರಿದೂ ಹೊಗೆ ಇಲ್ಲದ್ದು ಹೇಗೆಂದು ನನಗೆ ತಿಳಿಯಲಿಲ್ಲ.

ಆಲಂಕಾರು ದಾಟಿದ ಮೇಲೆ ಏರಿನಲ್ಲಿ ಕಾರು ಸೋತಿತು. ಇಳಿದು ನಡೆದೆ. ಕಾರಿಗಿಂತ ಮೊದಲು ನಾನೇ ಮೇಲೆ ತಲುಪಿದೆ.

"ಬಸ್ಸಾದರೆ ಕೂತೇ ಹೋಗುದಿತ್ತು" ಎಂದೆ.

"ನಡೆದರೆ ಕಾಲಿಗೆ ಒಳ್ಳೆದು."

ಉಪ್ಪಿನಂಗಡಿಯಲ್ಲಿ ಬನ್ಸು, ಚಾ ಕೊಡಿಸಿದ. ಪುತ್ತೂರು ಪೇಟೆಯಲ್ಲಿ ಜನ ಸೇರಿದರು. ಅಲ್ಲಿಯೂ ಟವಲು ಹಿಡಿದ, ಅಲ್ಲಿಯೂ ಬಿಳಿ. ಮರ ಕೊಡುವ ಎಂದು ಮನಸ್ಸಾಯಿತು. ಒಣಮೀನು, ಹೊಗೆಸೊಪ್ಪು ಕೊಂಡು ಕಾರು ಹತ್ತಿದೆ.

ಹಿಂದಿರುಗುವಾಗ ಊಟಕ್ಕೆಂದು ಕಡಬ ದಾಟಿಸಿ ನೆಟ್ಟಣದ ತನ್ನ ಮನೆಗೆ ಕರೆದೊಯ್ದ. ಮನೆಯ ಹಿಂದೆ ಮಣ್ಣು ಮುಚ್ಚಿದ ಇದ್ದಿಲಿನ ಗೂಡು. ಅದರ ಹೊಗೆ ಅಂಗಳ ತುಂಬಿತ್ತು. ಕಣ್ಣು ಉರಿಯಿತು. ಒಳ್ಳೆಯ ಬಿಸಿಲಿದ್ದರೂ ಒದ್ದೆ ಬಟ್ಟೆಯೆಲ್ಲ ಮನೆಯೊಳಗೆ ನೇತಾಡುತ್ತಿತ್ತು.

"ಹೊರಗೆ ಯಾಕೆ ಹಾಕುದಿಲ್ಲ?" ಎಂದು ಅವನ ಹೆಂಡತಿ ಮರಿಯಕುಟ್ಟಿಯನ್ನು ಕೇಳಿದೆ.

"ಕಪ್ಪಾಗ್ತದೆ. ಇವರಿಗೆ ಊರಿಗೆಲ್ಲ ತೋರಿಸ್ಲಿಕ್ಕೆ ಟವಲು ಬಿಳಿ ಬೇಕಲ್ಲ" ಎಂದು ಕೆಮ್ಮಿದಳು.

ಮರಗೆಣಸು, ಮೀನು ಉಂಡು ಕೈ ತೊಳೆದೆ. "ಮರ ಕೊಡುದಿಲ್ಲ" ಎಂದೆ.

ವರ್ಕಿ ಬಿಡಲಿಲ್ಲ. "ಪೆಟ್ರೋಲು ತೆಗೆಯುವಲ್ಲಿ ಹೊಗೆ ಇಲ್ವಾ? ನಿಮ್ಮ ಒಲೆಗೆ ಕಟ್ಟಿಗೆ ಎಲ್ಲಿಂದ?"

ಪೆಟ್ರೋಲು ತೆಗೆಯುವ ಊರು ನಾನು ನೋಡಿಲ್ಲ. ನನ್ನ ಕಟ್ಟಿಗೆ ಅದೇ ಗುಡ್ಡೆಯದು. ಹಾಗಾದರೆ ಯಾವುದು ಚೊಕ್ಕ, ಯಾವುದು ಅಲ್ಲ? ತಲೆ ಕೆಟ್ಟುಹೋಯಿತು.

"ಗೊತ್ತಿಲ್ಲ. ಮರ ಕೊಡುದಿಲ್ಲ."

ಸಿಟ್ಟಿನಲ್ಲಿ ಅವನು ಕಾರು ತೆಗೆಯಲಿಲ್ಲ. ಅವನ ಮನೆಯೆದುರಿನ ರಸ್ತೆಯಲ್ಲೇ ಕಡಬಕ್ಕೆ ಬಸ್ಸು ಹತ್ತಿದೆ. ಬಸ್ಸು ಹೊರಟಾಗ ಹಿಂದೆ ಕಪ್ಪು ಹೊಗೆ ಎದ್ದಿತು. ತಿರುಗಿ ನೋಡಿದರೆ ವರ್ಕಿ ಆ ಹೊಗೆಗೆ ಟವಲು ಚಾಚಿ, ಕಪ್ಪಾದದ್ದನ್ನು ನನಗೆ ಎತ್ತಿ ತೋರಿಸುತ್ತಿದ್ದ. ಅದನ್ನೂ ಒಗೆಯುವವಳು ಮರಿಯಕುಟ್ಟಿಯೇ.